ಚಳಿಜ್ವರ ಆಳಿದ ಸೀಮೆ

ಬೆಟ್ಟದಪುರದ ಬೆಟ್ಟವನ್ನೇರಿ ಸಿಡಿಲು ಮಲ್ಲಿಕಾರ್ಜುನನ ಗುಡಿಯ ಬಳಿ ನಿಂತವರಿಗೆ ಮೈಸೂರಿನ ಪಡುವಣ ಸೀಮೆ ಕಣ್ಣಳತೆಗೆ ಬರುತ್ತದೆ. ಬಡಗಲಿಗೆ ಕಾವೇರಿ, ತೆಂಕಲಿಗೆ ಪಿರಿಯಾಪಟ್ಟಣದ ಬಯಲು, ಅದರಾಚೆ ಲಕ್ಷ್ಮಣತೀರ್ಥದ ದಂಡೆಯ ಹುಣಸೂರು, ಪಡುವಲಿಗೆ ಕೊಡಗಿನ ಬೆಟ್ಟಸಾಲು, ಇನ್ನೂ ದೂರಕ್ಕೆ ಕಪಿಲೆ ಹರಿಯುವ ಹೆಗ್ಗಡದೇವನಕೋಟೆಯ ಕಾಡು. ಈ ನೆಲವನ್ನು ಚಂಗಾಳ್ವರು ಆಳಿದರು, ಮೈಸೂರಿನ ಒಡೆಯರು ಆಳಿದರು, ಹೈದರಾಲಿ ಮತ್ತು ಟಿಪ್ಪು ಆಳಿದರು, ಇಂಗ್ಲಿಷರ ಕಮಿಷನರುಗಳು ಆಳಿದರು. ಒಬ್ಬರು ಶಾಸನ ಬಿಟ್ಟುಹೋದರು, ಒಬ್ಬರು ಕೋಟೆ ಬಿಟ್ಟುಹೋದರು, ಮತ್ತೊಬ್ಬರು ಕಡತ ಬಿಟ್ಟುಹೋದರು. ಇವರೆಲ್ಲರಿಗಿಂತ ಹೆಚ್ಚು ಕಾಲ ಇಲ್ಲಿ ಅಧಿಕಾರ ನಡೆಸಿದ್ದು ಒಂದು ಜ್ವರ. ಎಲ್ಲಿ ಊರು ನಿಲ್ಲಬೇಕು, ಎಲ್ಲಿ ಹಾಳಾಗಬೇಕು, ಯಾವ ದಂಡು ಎಲ್ಲಿ ಬೀಡು ಬಿಡಬೇಕು, ಯಾವ ಮನೆಯ ಹೆಣ್ಣನ್ನು ಯಾವ ಊರಿಗೆ ಕೊಡಬಾರದು ಎಂಬುದನ್ನೆಲ್ಲ ಬಹುಕಾಲ ನಿಶ್ಚಯಿಸಿದ್ದು ಅದೇ. ಜನ ಅದನ್ನು ಚಳಿಜ್ವರ ಎಂದರು, ಮಲೆಜ್ವರ ಎಂದರು, ಕಾಡುಜ್ವರ ಎಂದರು. ಆಸ್ಪತ್ರೆಗಳು ಬಂದ ಮೇಲೆ ಮಲೇರಿಯಾ ಎಂಬ ಹೆಸರು ಉಳಿಯಿತು.

ಪಿರಿಯಾಪಟ್ಟಣದ ಕಾಳಗದ ಕಥೆಯನ್ನು ಹಾಡಿ ಕೇಳಿ ಬೆಳೆದ ಜನ ಇಲ್ಲಿಯವರು. ಕಂಠೀರವ ನರಸರಾಜ ಒಡೆಯರ (1638–1659) ದಂಡು ಬಂದು ಕೋಟೆಯನ್ನು ಮುತ್ತಿದ್ದು, ಚಂಗಾಳ್ವರ ಮನೆತನ ಅಲ್ಲಿಗೆ ಮುಗಿದದ್ದು ಎಲ್ಲರಿಗೂ ಗೊತ್ತು. ಆಮೇಲಿನ ಒಂದೂವರೆ ಶತಮಾನದಲ್ಲಿ ಈ ಪಟ್ಟಣ ಮೈಸೂರಿಗೂ ಕೊಡಗಿಗೂ ನಡುವೆ ಸಿಕ್ಕಿ ನಲುಗಿತು. 1791ರ ಮೇ ತಿಂಗಳಲ್ಲಿ ಬೊಂಬಾಯಿಯ ಸೈನ್ಯದೊಡನೆ ಜನರಲ್ ಅಬರ್‌ಕ್ರಾಂಬಿ ಕೊಡಗಿನ ಘಟ್ಟ ಇಳಿದು ಪಿರಿಯಾಪಟ್ಟಣದವರೆಗೆ ಬಂದ. ಶ್ರೀರಂಗಪಟ್ಟಣದ ಬಳಿಯಿದ್ದ ಕಾರ್ನ್‌ವಾಲಿಸ್ ಮಳೆಗೂ ಹಸಿವಿಗೂ ಸೋತು ಹಿಂದಿರುಗಿದಾಗ ಇವನೂ ತೋಪುಗಳನ್ನು ಬಿಟ್ಟು ಮರಳಿ ಘಟ್ಟ ಹತ್ತಿದ. 1799ರ ಮಾರ್ಚ್ 6ರಂದು ಕೊಡಗಿನ ಗಡಿಯ ಸಿದ್ದೇಶ್ವರದಲ್ಲಿ ಟಿಪ್ಪುವಿನ ಸೈನ್ಯ ಬೊಂಬಾಯಿಯ ದಂಡಿನ ಮೇಲೆ ಬಿದ್ದು ಸೋತಿತು. ಎರಡು ತಿಂಗಳು ತುಂಬುವ ಮೊದಲೇ ಶ್ರೀರಂಗಪಟ್ಟಣ ಬಿದ್ದಿತು. ಮರುವರ್ಷ ಈ ದಾರಿಯಲ್ಲಿ ಬಂದ ಡಾಕ್ಟರ್ ಫ್ರಾನ್ಸಿಸ್ ಬುಕಾನನ್ ಕಂಡದ್ದು ಹಾಳು ಕೋಟೆಯನ್ನು. ಅದರೊಳಗೆ ಹುಲಿಗಳು ಸೇರಿಕೊಂಡಿದ್ದವು, ಹಾಡಹಗಲಲ್ಲೂ ಒಂಟಿಯಾಗಿ ಒಳಹೋಗಲು ಜನ ಹೆದರುತ್ತಿದ್ದರು ಎಂದು ಆತ ಬರೆದಿಟ್ಟ.

ಹುಲಿಯನ್ನು ಎಲ್ಲರೂ ಕಂಡರು. ಹುಲಿಯ ಹಿಂದೆಯೇ ಬಂದು ನೆಲೆಯೂರಿದ್ದನ್ನು ಕಾಣುವ ಕಣ್ಣು ಆ ಕಾಲಕ್ಕೆ ಯಾರಿಗೂ ಇರಲಿಲ್ಲ. ಕಾಳಗ ನಡೆದ ನಾಡಿನಲ್ಲಿ ಮೊದಲು ಒಡೆಯುವುದು ಕೆರೆಯ ಏರಿ. ಏರಿ ಒಡೆದರೆ ಗದ್ದೆ ಹೂಳಿ ಜವುಗಾಗುತ್ತದೆ, ಕಾಲುವೆಯಲ್ಲಿ ಹುಲ್ಲು ಬೆಳೆದು ನೀರು ಅಲ್ಲಲ್ಲಿ ಮಡುಗಟ್ಟುತ್ತದೆ. ದಂಡಿನವರು ದನಗಳನ್ನು ಹೊಡೆದುಕೊಂಡು ಹೋಗಿರುತ್ತಾರೆ. ಕೊಟ್ಟಿಗೆಯಲ್ಲಿ ದನವಿಲ್ಲದಾಗ ಸೊಳ್ಳೆಗೆ ಉಳಿಯುವುದು ಮನುಷ್ಯನ ನೆತ್ತರು. ಉಳಿದ ನಾಲ್ಕು ಮನೆಯವರು ಜ್ವರ ಬಿದ್ದು ಉಳುಮೆ ತಪ್ಪಿಸಿಕೊಂಡರೆ ಕಾಡು ಇನ್ನೊಂದು ಮಾರು ಒಳಗೆ ಬರುತ್ತದೆ. ಈ ಸೀಮೆಯ ಹಾಳೂರುಗಳ ಕಥೆ ಹೇಳುವಾಗ ನಾವು ಟಿಪ್ಪುವಿನ ಹೆಸರನ್ನೋ ಕೊಡಗಿನ ದೊರೆಯ ಹೆಸರನ್ನೋ ಹೇಳಿ ಸುಮ್ಮನಾಗುತ್ತೇವೆ. ಕತ್ತಿ ಊರನ್ನು ಒಂದು ದಿನದಲ್ಲಿ ಕೆಡವೀತು. ಮೂರು ತಲೆಮಾರು ಅಲ್ಲಿ ಮತ್ತೆ ಒಲೆ ಹೊತ್ತಿಸದಂತೆ ನೋಡಿಕೊಳ್ಳುವುದು ಕತ್ತಿಯ ಕೈಯಲ್ಲಿ ಆಗದು ಎಂಬುದು ನನ್ನ ನಂಬಿಕೆ.

ಗೆದ್ದವರನ್ನೂ ಜ್ವರ ಬಿಡಲಿಲ್ಲ. ಶ್ರೀರಂಗಪಟ್ಟಣದಲ್ಲಿ ನೆಲೆ ನಿಂತ ಇಂಗ್ಲಿಷರ ದಂಡು ಕಾವೇರಿಯ ನಡುಗಡ್ಡೆಯಲ್ಲಿ, ಕಾಲುವೆಗಳ ಮತ್ತು ಬತ್ತದ ಗದ್ದೆಗಳ ನಡುವೆ, ವರ್ಷ ವರ್ಷವೂ ಜ್ವರಕ್ಕೆ ಬಲಿಯಾಯಿತು. ಅಲ್ಲಿನ ದಂಡಿನ ಸ್ಮಶಾನದಲ್ಲಿ ಸ್ವಿಟ್ಜರ್ಲೆಂಡಿನ ಡಿ ಮ್ಯೂರನ್ ಪಡೆಯವರ ಗೋರಿಗಳೂ ಇವೆ; ಎಲ್ಲಿಯ ಹಿಮದ ನಾಡು, ಎಲ್ಲಿಯ ಕಾವೇರಿ! ಕೊನೆಗೆ 1809ರ ವೇಳೆಗೆ ಇಂಗ್ಲಿಷರು ಶ್ರೀರಂಗಪಟ್ಟಣದ ದಂಡನ್ನು ಎತ್ತಿ ಬೆಂಗಳೂರಿನ ಎತ್ತರದ ಬಯಲಿಗೆ ಸಾಗಿಸಿದರು. ಬೆಂಗಳೂರಿನ ದಂಡುಪ್ರದೇಶ ಹುಟ್ಟಿದ್ದು ಹೀಗೆ. ಇಂದಿನ ಮಹಾನಗರದ ಅರ್ಧಭಾಗಕ್ಕೆ ಅಡಿಪಾಯ ಹಾಕಿದ್ದು ಶ್ರೀರಂಗಪಟ್ಟಣದ ಸೊಳ್ಳೆ ಎಂದರೆ ಅತಿಶಯವಾಗದು.

ಈ ಜ್ವರ ಬರುವ ಬಗೆಯನ್ನು ಹಳೆಯ ವೈದ್ಯರು ಚೆನ್ನಾಗಿ ಬಲ್ಲವರಾಗಿದ್ದರು. ಚರಕನ ಪರಂಪರೆಯವರು ವಿಷಮಜ್ವರವನ್ನು ಸಂತತ, ಸತತ, ಅನ್ಯೇದ್ಯುಷ್ಕ, ತೃತೀಯಕ, ಚತುರ್ಥಕ ಎಂದು ಐದಾಗಿ ವಿಂಗಡಿಸಿದ್ದರು. ದಿನ ಬಿಟ್ಟು ದಿನ ಬರುವುದು ತೃತೀಯಕ, ಎರಡು ದಿನ ಬಿಟ್ಟು ಬರುವುದು ಚತುರ್ಥಕ. ಇಂದಿನ ವೈದ್ಯರು ಕ್ರಮವಾಗಿ 48 ಗಂಟೆ ಮತ್ತು 72 ಗಂಟೆಗಳ ಜ್ವರ ಎಂದು ಹೇಳುವುದು ಇವನ್ನೇ. ನೆತ್ತರಿನ ಕೆಂಪುಕಣಗಳೊಳಗೆ ಹೊಕ್ಕು ಬೆಳೆದ ಪರೋಪಜೀವಿಗಳು ಒಂದೇ ಹೊತ್ತಿಗೆ ಕಣಗಳನ್ನೊಡೆದು ಹೊರಬೀಳುವಾಗ ಚಳಿ ಹುಟ್ಟುತ್ತದೆ. ಹಳಬರಿಗೆ ಆ ಜೀವಿ ಕಂಡಿರಲಿಲ್ಲ, ಅದರ ಲೆಕ್ಕ ಮಾತ್ರ ತಪ್ಪದೆ ಸಿಕ್ಕಿತ್ತು.

ಜ್ವರದ ದಿನ ಮನೆಯವರಿಗೆ ಮೊದಲೇ ತಿಳಿದಿರುತ್ತಿತ್ತು. ಬೆಳಿಗ್ಗೆ ಗದ್ದೆಗೆ ಹೋದವನು ಹೊತ್ತು ನೆತ್ತಿಗೇರುವ ಮೊದಲೇ ಹಿಂದಿರುಗುತ್ತಾನೆ. ಉಗುರು ನೀಲಿಗಟ್ಟಿರುತ್ತದೆ, ತೋಳಿನ ರೋಮ ನಿಮಿರಿರುತ್ತದೆ. ಬಿಸಿಲಲ್ಲಿ ಕೂತರೂ ಹಲ್ಲು ಕಟಕಟ ಕಡಿಯುತ್ತಾನೆ. ಒಂದು ಕಂಬಳಿ ಹೊದಿಸಿ, ಅದರ ಮೇಲೊಂದು ಗೋಣಿ ಹೊದಿಸಿ, ಮೇಲೆ ಇಬ್ಬರು ಒತ್ತಿ ಹಿಡಿದರೂ ಮಂಚ ಅಲುಗುವುದು ನಿಲ್ಲುವುದಿಲ್ಲ. ಅರ್ಧ ಗಂಟೆಯೋ ಒಂದು ಗಂಟೆಯೋ ಕಳೆದ ಮೇಲೆ ಅವನೇ ಕಂಬಳಿಯನ್ನು ಒದೆದು ನೀರು ಕೇಳುತ್ತಾನೆ. ಮುಖ ಕೆಂಪಡರಿ, ಮೈ 104, 105 ಡಿಗ್ರಿಗೆ ಏರಿ, ತಲೆ ಸಿಡಿದು, ಬಾಯಿಗೆ ಬಂದದ್ದು ಬಡಬಡಿಸುತ್ತಾನೆ. ಕೆಲವು ಗಂಟೆಗಳ ಕಾವಿನ ಕೊನೆಗೆ ಹಣೆಯ ಮೇಲೆ ಬೆವರು ಮೂಡುತ್ತದೆ. ಚಾಪೆ ನೆನೆಯುವಷ್ಟು ಬೆವರಿ, ಸೋತು ನಿದ್ದೆ ಹೋಗುತ್ತಾನೆ. ಮರುದಿನ ಎದ್ದು ಗಂಜಿ ಕುಡಿದು ನೇಗಿಲು ಹೊರುತ್ತಾನೆ. ಅದರ ಮರುದಿನ, ಅದೇ ಹೊತ್ತಿಗೆ, ಮತ್ತೆ ಚಳಿ. ಊರಿನಲ್ಲಿ ಸಂತೆಗೆ ಹೋಗುವುದನ್ನೂ ಕಳೆ ಕೀಳುವುದನ್ನೂ ಈ ಲೆಕ್ಕದ ಮೇಲೆ ನಿಶ್ಚಯಿಸುವ ಮನೆಗಳಿದ್ದವು.

ಇದು ಸಾಧು ಜ್ವರದ ಮಾತು. ವೈವ್ಯಾಕ್ಸ್ ಎಂಬ ಜಾತಿಯದು. ಅದು ಕೊಲ್ಲುವುದು ಅಪರೂಪ, ಆದರೆ ಯಕೃತ್ತಿನಲ್ಲಿ ಅಡಗಿ ಕೂತು, ತಿಂಗಳುಗಳು ಕಳೆದ ಮೇಲೆ ಮತ್ತೆ ಹೊರಬರುತ್ತದೆ. ಕೊಡಗಿನ ಕಾಫಿ ತೋಟದ ಕೂಲಿ ಮುಗಿಸಿ ಬಯಲುಸೀಮೆಗೆ ಮರಳಿದವರು ತಮ್ಮ ಊರಿನಲ್ಲಿ, ಕಾಡಿನ ಸುಳಿವೇ ಇಲ್ಲದ ಕಡೆ, ನಡುಗಿ ಮಲಗಿದ್ದು ಹೀಗೆ. ಇನ್ನೊಂದು ಜಾತಿ ಫಾಲ್ಸಿಪಾರಮ್. ಅದಕ್ಕೆ ಇಂಥ ದಿನ ಇಂಥ ಹೊತ್ತು ಎಂಬ ನೇಮವಿಲ್ಲ. ಅದು ಹೊಕ್ಕ ರಕ್ತಕಣಗಳು ಮಿದುಳಿನ ಕಿರುನಾಳಗಳ ಒಳಗೋಡೆಗೆ ಅಂಟಿಕೊಂಡು ನೆತ್ತರಿನ ದಾರಿ ಕಟ್ಟುತ್ತವೆ. ಸಂಜೆ ಆಡುತ್ತಿದ್ದ ಕೂಸು ರಾತ್ರಿ ಕಣ್ಣು ಮೇಲೆ ಮಾಡಿ, ಕೈಕಾಲು ಸೆಟೆದು, ಬೆಳಗಾಗುವಷ್ಟರಲ್ಲಿ ಇಲ್ಲವಾಗುತ್ತದೆ. ಅಂಥ ಸಾವಿಗೆ ಊರವರು ಗಾಳಿ ಸೋಕಿತೆಂದರು, ದಾರ ಕಟ್ಟಿದರು, ಹರಕೆ ಹೊತ್ತರು. ಬಸುರಿಯರಿಗೆ ಬಂದರೆ ಗರ್ಭ ನಿಲ್ಲುತ್ತಿರಲಿಲ್ಲ. ನಿಂತರೂ ತಾಯಿಯ ನೆತ್ತರು ಬತ್ತಿ, ಕೂಸು ತೂಕವಿಲ್ಲದೆ ಹುಟ್ಟುತ್ತಿತ್ತು. ಮಲೆಯ ಸೀಮೆಗೆ ಹೆಣ್ಣು ಕೊಡಲು ಬಯಲಿನವರು ಹಿಂದೆಗೆದದ್ದರಲ್ಲಿ ಅರ್ಥವಿತ್ತು.

ವರ್ಷಾನುಗಟ್ಟಲೆ ಜ್ವರ ತಿಂದ ಮೈಯಲ್ಲಿ ಅದರ ಗುರುತು ಹೊಟ್ಟೆಯ ಎಡಮಗ್ಗುಲಲ್ಲಿ ಉಳಿಯುತ್ತದೆ. ಒಡೆದ ರಕ್ತಕಣಗಳನ್ನು ಶೋಧಿಸಿ ಶೋಧಿಸಿ ಗುಲ್ಮ ಊದುತ್ತದೆ, ಗಟ್ಟಿಯಾಗುತ್ತದೆ, ಪಕ್ಕೆಲುಬಿನ ಕೆಳಗಿಳಿದು ಹೊಕ್ಕುಳವರೆಗೂ ಬರುತ್ತದೆ. ಜನ ಅದನ್ನು ಜ್ವರಗಡ್ಡೆ ಎಂದರು. ಕಡ್ಡಿಯಂಥ ಕೈಕಾಲು, ಬಿಳಿಚಿದ ಕಣ್ಣು, ಮುಂದೆ ಬಂದ ಹೊಟ್ಟೆ, ಇವು ಕಾಡಂಚಿನ ಊರುಗಳ ಮಕ್ಕಳ ಚಹರೆಯಾಗಿದ್ದವು. ಗಡ್ಡೆ ಕರಗಲೆಂದು ಕಾದ ಕಬ್ಬಿಣದಿಂದ ಎಡಹೊಟ್ಟೆಯ ಮೇಲೆ ಬರೆ ಎಳೆದರು. ನೆಲಬೇವಿನ ಕಷಾಯ, ಅಮೃತಬಳ್ಳಿಯ ರಸ, ಕಾಳುಮೆಣಸು ಕುಡಿಸಿದರು. ಬರೆಯ ಗಾಯ ಮಾಯುವಷ್ಟರಲ್ಲಿ ಜ್ವರ ತಾನಾಗಿ ಇಳಿದಿದ್ದರೆ ಬರೆ ಹಾಕಿದವನ ಕೈಗುಣ ಊರೆಲ್ಲ ಹರಡುತ್ತಿತ್ತು.

ಊದಿದ ಗುಲ್ಮ ಸಣ್ಣ ಪೆಟ್ಟಿಗೂ ಬಿರಿಯುತ್ತದೆ. ಇದರಿಂದ ಇಂಗ್ಲಿಷರ ಕಾಲದ ನ್ಯಾಯಾಲಯಗಳಲ್ಲಿ ಒಂದು ಘೋರ ಪದ್ಧತಿ ಬೆಳೆಯಿತು. ದೊರೆ ಒದ್ದು ಆಳು ಸತ್ತರೆ, ಸತ್ತವನ ಗುಲ್ಮ ಮೊದಲೇ ಕೆಟ್ಟಿತ್ತು ಎಂದು ವೈದ್ಯರು ಹೇಳಿಕೆ ಕೊಡುತ್ತಿದ್ದರು. 1876ರಲ್ಲಿ ಆಗ್ರಾದ ವಕೀಲ ಫುಲ್ಲರ್ ತನ್ನ ಕುದುರೆಯಾಳಿಗೆ ಹೊಡೆದು ಆತ ಸತ್ತ ಮೊಕದ್ದಮೆಯಲ್ಲಿ ವಿಧಿಸಿದ್ದು 30 ರೂಪಾಯಿ ದಂಡ. ವೈಸ್‌ರಾಯ್ ಲಿಟ್ಟನ್ ತಾನೇ ಅದನ್ನು ಖಂಡಿಸಿ ಬರೆಯಬೇಕಾಯಿತು. ಒಂದು ಕಾಯಿಲೆ ಮೈಯನ್ನು ಹಾಳುಮಾಡಿದ್ದು ಸಾಲದೆ, ಆ ಮೈಯ ಸಾವಿಗೆ ಬೆಲೆಯೂ ಇಲ್ಲದಂತೆ ಮಾಡಿತು. ಗಡ್ಡೆ ಹೊತ್ತು ದುಡಿದವರ ಬಾಳು ಎಷ್ಟು ಅಗ್ಗವಾಗಿತ್ತು ಎಂದು ತಿಳಿಯಲು ನನಗೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಡ.

ಮೈಸೂರಿನ ಸರ್ಕಾರಿ ನೌಕರರಿಗೆ ಹೆಗ್ಗಡದೇವನಕೋಟೆ ಶಿಕ್ಷೆಯ ವರ್ಗವಾಗಿತ್ತು. ಕೋಟೆಗೆ ಹಾಕಿದ್ದಾರೆ ಎಂದರೆ ಮನೆಯಲ್ಲಿ ಹೆಂಗಸರು ಕಣ್ಣೀರಿಡುತ್ತಿದ್ದರು. ಹೆಂಡತಿ ಮಕ್ಕಳನ್ನು ಮೈಸೂರಿನಲ್ಲೋ ನಂಜನಗೂಡಿನಲ್ಲೋ ಬಿಟ್ಟು ಒಬ್ಬನೇ ಹೋಗುವುದು ರೂಢಿ. ಅಲ್ಲಿಯ ನೀರು ಒಗ್ಗುವುದಿಲ್ಲ ಎಂಬುದೇ ಎಲ್ಲರ ಮಾತು. ಅದಕ್ಕೆ ಕಾರಣವೂ ಇದೆ. ಸೊಳ್ಳೆ ಕಚ್ಚಿ ಜ್ವರ ಬರುವವರೆಗೆ ಹತ್ತರಿಂದ ಹದಿನೈದು ದಿನ ಹಿಡಿಯುತ್ತದೆ. ಅಷ್ಟರಲ್ಲಿ ಕಚ್ಚಿದ್ದು ಮರೆತಿರುತ್ತದೆ. ನೆನಪಿರುವುದು ಕಾಡಿನ ಹಳ್ಳದಲ್ಲಿ ಬೊಗಸೆಯೊಡ್ಡಿ ಕುಡಿದ ತಣ್ಣನೆಯ ನೀರು. ತಪ್ಪು ನೀರಿನದೇ ಆಗಿತ್ತು, ಆದರೆ ಕುಡಿದ ನೀರಿನದಲ್ಲ. ಹುಲ್ಲಂಚಿನಲ್ಲಿ ಮೆಲ್ಲನೆ ಸರಿಯುವ ತಿಳಿಯಾದ ತೊರೆಯಲ್ಲಿ ಫ್ಲೂವಿಯಾಟಿಲಿಸ್ ಎಂಬ ಅನಾಫಿಲಿಸ್ ಸೊಳ್ಳೆ ಮೊಟ್ಟೆಯಿಡುತ್ತದೆ. ನಾಗರಹೊಳೆಯ ಕಡೆಯ ಕಾಡಿನೊಳಗಿನ ಜವುಗುಬಯಲನ್ನು ಇಲ್ಲಿ ಹಡ್ಲು ಎನ್ನುತ್ತಾರೆ. ಹಡ್ಲುಗಳ ಅಂಚಿನಲ್ಲಿ ಇಂಥ ತೊರೆಗಳಿಗೆ ಕೊರತೆಯಿಲ್ಲ. ಬಯಲಿನ ಕಡೆಗೆ ಬಂದಂತೆ ಕಾಲುವೆ, ಹೊಳೆಯ ಮಡು, ಹೊಸದಾಗಿ ನಾಟಿ ಮಾಡಿದ ಗದ್ದೆಗಳಲ್ಲಿ ಕ್ಯೂಲಿಸಿಫೇಸೀಸ್ ಎಂಬ ಇನ್ನೊಂದು ಜಾತಿ. ಕಾಡೂ ಬಯಲೂ ಒಂದನ್ನೊಂದು ಮುಟ್ಟುವ ಹುಣಸೂರು, ಪಿರಿಯಾಪಟ್ಟಣದಂಥ ತಾಲ್ಲೂಕುಗಳು ಇಬ್ಬರು ಶತ್ರುಗಳ ನಡುವೆ ಸಿಕ್ಕಿದ್ದವು.

ಈ ಜ್ವರದ ನಡುವೆಯೂ ಕಾಡಿನಲ್ಲಿ ನೆಲೆಸಿದವರಿದ್ದರು. ಜೇನುಕುರುಬರು, ಬೆಟ್ಟಕುರುಬರು, ಯರವರು ಹಾಡಿಗಳಲ್ಲಿ ಬಾಳಿದರು. ಕಾಡಾನೆ ಹಿಡಿಯುವ ಕಾಕನಕೋಟೆಯ ಖೆಡ್ಡಾಗಳಿಗೆ ದೇಶವಿದೇಶದ ಅತಿಥಿಗಳು ಬಂದು ಡೇರೆಗಳಲ್ಲಿ ತಂಗಿ ಹೋಗುತ್ತಿದ್ದರು. ಅವರು ಹೋದ ಮೇಲೂ ಆನೆಗಳ ಜೊತೆ ವರ್ಷವಿಡೀ ಕಾಡಿನಲ್ಲಿ ಉಳಿಯುತ್ತಿದ್ದ ಮಾವುತರು ಮತ್ತು ಕಾವಾಡಿಗಳಲ್ಲಿ ಈ ಜನರು ಬಹಳ. ಅವರಿಗೆ ಜ್ವರ ತಟ್ಟುವುದಿಲ್ಲ ಎಂದು ಹೊರಗಿನವರು ಆಡಿಕೊಂಡರು. ಅದು ನಿಜವಲ್ಲ, ಪೂರ್ತಿ ಸುಳ್ಳೂ ಅಲ್ಲ. ಅದರ ವಿಚಾರ ಮುಂದೆ ಬರುತ್ತದೆ.

ಜ್ವರಕ್ಕೆ ಮೊದಲ ನಿಜವಾದ ಮದ್ದು ಬಂದದ್ದು ಪೆರು ದೇಶದ ಸಿಂಕೋನಾ ಮರದ ತೊಗಟೆಯಿಂದ. 1820ರಲ್ಲಿ ಫ್ರಾನ್ಸಿನ ಪೆಲ್ಲೆತಿಯೇ ಮತ್ತು ಕಾವಂತೂ ಆ ತೊಗಟೆಯಿಂದ ಕ್ವಿನೈನ್ ತೆಗೆದರು. 1860ರ ಹೊತ್ತಿಗೆ ಕ್ಲೆಮೆಂಟ್ಸ್ ಮಾರ್ಕಮ್ ತಂದ ಸಸಿಗಳು ನೀಲಗಿರಿಗೆ ಬಂದವು. ದೊಡ್ಡಬೆಟ್ಟದಲ್ಲೂ ನಡುವಟ್ಟದಲ್ಲೂ ಮ್ಯಾಕ್‌ಐವರನ ಆರೈಕೆಯಲ್ಲಿ ತೋಟಗಳು ಎದ್ದವು. ಹೆಗ್ಗಡದೇವನಕೋಟೆಯ ಕಾಡಿನಿಂದ ನೀಲಗಿರಿ ಬಹಳ ದೂರವಲ್ಲ. ಆದರೂ ಮದ್ದು ಅಲ್ಲಿಂದ ಹಳ್ಳಿಯ ಗುಡಿಸಲಿಗೆ ಬರಲು ಕಾಲ ಹಿಡಿಯಿತು. ಬ್ರಿಟಿಷ್ ಪ್ರಾಂತಗಳಲ್ಲಿ ಬಂಗಾಳದವರು 1892ರಿಂದ ಅಂಚೆ ಕಚೇರಿಗಳಲ್ಲಿ ಕಾಸಿಗೊಂದು ಕ್ವಿನೈನ್ ಪೊಟ್ಟಣ ಮಾರುವ ದಾರಿ ತೋರಿದರು. ಕುಡಿದವರಿಗೆ ಆ ಕಹಿ ಜನ್ಮಾಂತರಕ್ಕೂ ಮರೆಯುವಂಥದಲ್ಲ. ಕಿವಿಯಲ್ಲಿ ಗುಂಯ್‌ಗುಟ್ಟುವ ಸದ್ದು ಎದ್ದು, ವಾಂತಿಯಾಗಿ, ಜನ ಎರಡು ದಿನಕ್ಕೇ ಬಿಟ್ಟುಬಿಡುತ್ತಿದ್ದರು. ಹೀಗೆ ಬಿಟ್ಟು ಬಿಟ್ಟು ನುಂಗಿದವರಲ್ಲಿ ಕೆಲವರಿಗೆ ರಕ್ತಕಣಗಳು ಒಮ್ಮೆಗೇ ಒಡೆದು, ಮೂತ್ರ ಕಪ್ಪಾಗಿ, ಕಾಮಾಲೆ ಏರಿ ಸಾವು ಬರುತ್ತಿತ್ತು. ಮದ್ದೇ ಕೊಂದಿತೆಂಬ ಭಯ ಹುಟ್ಟಿದ್ದು ಬರಿಯ ಅಜ್ಞಾನದಿಂದಲ್ಲ.

1880ರ ನವೆಂಬರಿನಲ್ಲಿ ಲ್ಯಾವರಾನ್ ಎಂಬ ಫ್ರೆಂಚ್ ದಂಡಿನ ವೈದ್ಯ ಆಲ್ಜೀರಿಯದಲ್ಲಿ ರೋಗಿಯೊಬ್ಬನ ನೆತ್ತರಿನಲ್ಲಿ ಈ ಜೀವಿಯನ್ನು ಕಂಡ. ಅದು ಒಬ್ಬರಿಂದ ಇನ್ನೊಬ್ಬರಿಗೆ ಹೋಗುವ ದಾರಿಯನ್ನು ಹುಡುಕಿದ ರೊನಾಲ್ಡ್ ರಾಸ್‌ನ ಬಾಳಿನಲ್ಲಿ ಕನ್ನಡ ನಾಡಿಗೆ ಸಣ್ಣದಲ್ಲದ ಪಾಲಿದೆ. 1883ರಲ್ಲಿ ಬೆಂಗಳೂರಿನ ದಂಡಿನ ವೈದ್ಯನಾಗಿ ಬಂದ ಆತನ ಬಂಗಲೆಯಲ್ಲಿ ಸೊಳ್ಳೆಗಳ ಕಾಟ. ಕಿಟಕಿಯ ಹೊರಗಿನ ನೀರಿನ ತೊಟ್ಟಿಯಲ್ಲಿ ಅವು ಹುಟ್ಟುತ್ತಿವೆಯೆಂದು ಕಂಡು ತೊಟ್ಟಿಯನ್ನು ಬರಿದು ಮಾಡಿಸಿದ, ಕಾಟ ತಗ್ಗಿತು. 1895ರಲ್ಲಿ ಕಾಲರಾ ತಡೆಯಲು ಅವನನ್ನು ಮತ್ತೆ ಬೆಂಗಳೂರಿಗೇ ಕಳಿಸಿದರು. 1897ರಲ್ಲಿ ರಜೆಯ ಮೇಲೆ ಉದಕಮಂಡಲಕ್ಕೆ ಹೋದವನು ಮೈಸೂರಿನ ಕಡೆಗೆ ಇಳಿಯುವ ಸೀಗೂರು ಘಟ್ಟದ ಜ್ವರದ ತೋಟಗಳನ್ನು ನೋಡಲು ಹೋಗಿ ತಾನೇ ಜ್ವರ ಹತ್ತಿಸಿಕೊಂಡ. ಅದೇ ವರ್ಷ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ, ಚುಕ್ಕೆರೆಕ್ಕೆಯ ಸೊಳ್ಳೆಯೊಂದರ ಹೊಟ್ಟೆಯ ಗೋಡೆಯಲ್ಲಿ, ಅವನು ಹುಡುಕುತ್ತಿದ್ದುದು ಸಿಕ್ಕಿತು. 1902ರಲ್ಲಿ ನೊಬೆಲ್ ಬಂತು. ಸೀಗೂರಿನ ಕಾಡಿನ ಜ್ವರ ಹೆಗ್ಗಡದೇವನಕೋಟೆಯ ಕಾಡಿನ ಜ್ವರದ ಬಂಧುವೇ ಆಗಿತ್ತೆಂಬುದನ್ನು ಈ ಸೀಮೆಯವರು ಹೆಮ್ಮೆಯಿಂದಲ್ಲದಿದ್ದರೂ ಹಕ್ಕಿನಿಂದ ನೆನೆಯಬಹುದು.

ಮೈಸೂರು ಸಂಸ್ಥಾನ ಈ ವಿಚಾರದಲ್ಲಿ ಕೈಕಟ್ಟಿ ಕೂರಲಿಲ್ಲ. ಮಲೆನಾಡಿನ ಜನಸಂಖ್ಯೆ ಕುಗ್ಗುತ್ತಿರುವುದು ಖಾನೇಷುಮಾರಿಯಲ್ಲಿ ಕಂಡು, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ (1912–1918) ಮಲೆನಾಡಿನ ಸುಧಾರಣೆಗೆಂದೇ ಯೋಜನೆ ನಡೆಯಿತು. 1920ರ ದಶಕದ ಕೊನೆಗೆ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವು ಬಂತು. ಡಾಕ್ಟರ್ ಸ್ವೀಟ್ ಸಂಸ್ಥಾನಕ್ಕೆ ಬಂದರು. ಶ್ರೀರಂಗಪಟ್ಟಣದ ಬಳಿಯ ನಾಗೇನಹಳ್ಳಿ, ಬಯಲಿನ ಹಿರಿಯೂರು, ಮಲೆನಾಡಿನ ಮೂಡಿಗೆರೆಗಳಲ್ಲಿ ಮಲೇರಿಯಾ ಕೇಂದ್ರಗಳು ತೆರೆದವು. ಯಾವ ಸೊಳ್ಳೆ, ಯಾವ ನೀರು, ಯಾವ ತಿಂಗಳು ಎಂಬುದನ್ನು ಊರೂರಿಗೂ ಬೇರೆಬೇರೆಯಾಗಿ ಕೇಳಿ ಉತ್ತರ ಹುಡುಕಿದ ಕೆಲಸ ಅದು.

ಆ ಕೆಲಸದ ಮೊದಲ ಹೆಜ್ಜೆ ಮಕ್ಕಳ ಹೊಟ್ಟೆ ಮುಟ್ಟುವುದು. ಎರಡರಿಂದ ಹತ್ತು ವರ್ಷದ ಮಕ್ಕಳನ್ನು ಶಾಲೆಯ ಜಗಲಿಯ ಮೇಲೆ ಸಾಲಾಗಿ ನಿಲ್ಲಿಸುತ್ತಾರೆ. ವೈದ್ಯರು ಮಗುವಿನ ಎಡ ಪಕ್ಕೆಲುಬಿನ ಅಂಚಿನ ಕೆಳಗೆ ಬೆರಳುಗಳನ್ನು ಚಪ್ಪಟೆಯಾಗಿ ಇಡುತ್ತಾರೆ. "ಉಸ್ರು ಎಳ್ಕೊ ಮಗ, ಹೆದರ್ಬೇಡ, ಈಗ ಬಿಡು." ಉಸಿರೆಳೆದಾಗ ಒಳಗಿನಿಂದ ಗಟ್ಟಿಯಾದ ಅಂಚೊಂದು ಇಳಿದು ಬೆರಳಿಗೆ ತಾಗಿದರೆ ಗುಲ್ಮ ಬೆಳೆದಿದೆಯೆಂದು ಅರ್ಥ. ಎಷ್ಟು ಬೆರಳಗಲ ಎಂದು ಪಕ್ಕದಲ್ಲಿ ಕೂತವನು ಬರೆದುಕೊಳ್ಳುತ್ತಾನೆ. ಇಂಡಿಯಾದಲ್ಲಿ ಈ ವಿಧಾನವನ್ನು 1840ರ ದಶಕದಲ್ಲೇ ಯಮುನಾ ಕಾಲುವೆಗಳ ಊರುಗಳಲ್ಲಿ ಡೆಂಪ್‌ಸ್ಟರ್ ಎಂಬ ವೈದ್ಯ ಬಳಸಿದ್ದ. ನೂರು ಮಕ್ಕಳಲ್ಲಿ ಐವತ್ತಕ್ಕೂ ಮೇಲೆ ಗಡ್ಡೆ ಸಿಕ್ಕರೆ ಆ ಊರು ತೀವ್ರ ಮಲೇರಿಯಾದ ಊರು. ಬೆರಳೇ ಉಪಕರಣ; ಬೇರೆ ಖರ್ಚಿಲ್ಲ. ಒಂದು ಊರಿನ ಹತ್ತು ವರ್ಷದ ಸಂಕಟವನ್ನು ಅರ್ಧ ದಿನದಲ್ಲಿ ಓದಿ ಮುಗಿಸುವ ಈ ವಿಧಾನದ ಸರಳತೆ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ.

ಇದೇ ಕೇಂದ್ರಗಳ ದುಡಿಮೆಯಿಂದ ಮೈಸೂರಿನ ಹೆಸರು ಜಗತ್ತಿನ ಸೊಳ್ಳೆಶಾಸ್ತ್ರಕ್ಕೆ ಸೇರಿತು. ಸ್ಟೀಫನ್ಸೈ ಎಂಬ ಅನಾಫಿಲಿಸ್ ಸೊಳ್ಳೆಯ ಮೊಟ್ಟೆಗಳಿಗೆ ಎರಡು ಬದಿಯಲ್ಲಿ ತೇಲುಬುಡ್ಡೆಗಳಿರುತ್ತವೆ, ಅವುಗಳ ಮೇಲೆ ಗೀರುಗಳಿರುತ್ತವೆ. ಸೂಕ್ಷ್ಮದರ್ಶಕದ ಕೆಳಗೆ ಆ ಗೀರುಗಳನ್ನು ಒಂದೊಂದಾಗಿ ಎಣಿಸಿದ ಸ್ವೀಟ್ ಮತ್ತು ಬಿ. ಎ. ರಾವ್, ಗೀರು ಕಡಮೆಯಿರುವುದು ಬೇರೆಯೇ ಬಗೆ ಎಂದು ಕಂಡು 1937ರಲ್ಲಿ ಅದಕ್ಕೆ ಮೈಸೊರೆನ್ಸಿಸ್ ಎಂದು ಹೆಸರಿಟ್ಟರು. ಅದು ಹೆಚ್ಚಾಗಿ ಹಳ್ಳಿಗಳಲ್ಲಿದ್ದು ದನಗಳನ್ನು ಕಚ್ಚುತ್ತದೆ, ಮನುಷ್ಯರಿಗೆ ಅಷ್ಟು ಅಪಾಯಕಾರಿಯಲ್ಲ. ಮೂಲ ಬಗೆ ಪಟ್ಟಣಗಳ ಬಾವಿ, ತೊಟ್ಟಿಗಳಲ್ಲಿ ಹುಟ್ಟಿ ಜ್ವರ ಹರಡುತ್ತದೆ. ಮಂಗಳೂರಿನ ಕಟ್ಟಡ ಕಾಮಗಾರಿಗಳ ನೀರಿನಲ್ಲಿ ಹುಟ್ಟಿ ಈಚಿನ ದಶಕಗಳಲ್ಲಿ ಆ ಊರನ್ನು ಕಾಡಿದ್ದೂ, 2012ರಲ್ಲಿ ಜಿಬೂಟಿಯಲ್ಲಿ ಕಾಣಿಸಿಕೊಂಡು ಆಫ್ರಿಕದ ನಗರಗಳಿಗೆ ಈಗ ದಿಗಿಲು ಹುಟ್ಟಿಸಿರುವುದೂ ಇದೇ ಸ್ಟೀಫನ್ಸೈ ಸೊಳ್ಳೆ. ಅಲ್ಲಿನ ವಿಜ್ಞಾನಿಗಳು ಇಂದಿಗೂ ಮೈಸೊರೆನ್ಸಿಸ್ ಎಂಬ ಹೆಸರನ್ನು ಬರೆಯುತ್ತಾರೆ.

ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ವರ್ಷಕ್ಕೆ ಸುಮಾರು ಏಳೂವರೆ ಕೋಟಿ ಜನರಿಗೆ ಮಲೇರಿಯಾ, ಎಂಟು ಲಕ್ಷ ಸಾವು ಎಂಬ ಅಂದಾಜಿತ್ತು. ಆಗಲೇ ಬೊಂಬಾಯಿ ಪ್ರಾಂತದ ಕನ್ನಡ ಜಿಲ್ಲೆಗಳಾದ ಉತ್ತರ ಕನ್ನಡ ಮತ್ತು ಧಾರವಾಡದಲ್ಲಿ ಡಾಕ್ಟರ್ ಡಿ. ಕೆ. ವಿಶ್ವನಾಥನ್ ಡಿಡಿಟಿ ಎಂಬ ಕೀಟನಾಶಕದ ಶಕ್ತಿಯನ್ನು ತೋರಿಸಿಕೊಟ್ಟಿದ್ದರು. 1949ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಂಡ ಮೈಸೂರಿನ ಮಲೆನಾಡಿಗೆ ಬಂತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಮೊದಲಾಯಿತು, 1958ರಲ್ಲಿ ಅದೇ ನಿರ್ಮೂಲನ ಕಾರ್ಯಕ್ರಮವಾಯಿತು.

ಹಳ್ಳಿಗೆ ಡಿಡಿಟಿಯವರು ಬರುವ ದಿನ ಮಡಕೆ, ಕುಡಿಕೆ, ಹಾಸಿಗೆ, ತೊಟ್ಟಿಲು ಎಲ್ಲ ಅಂಗಳಕ್ಕೆ. ಒಬ್ಬ ಬಕೀಟಿನಲ್ಲಿ ನಿಲ್ಲಿಸಿದ ಪಂಪನ್ನು ಒತ್ತುತ್ತಾನೆ, ಇನ್ನೊಬ್ಬ ಉದ್ದನೆಯ ಕೊಳವೆ ಹಿಡಿದು ಗೋಡೆ, ಸೂರು, ಕೊಟ್ಟಿಗೆಗೆ ಹೊಡೆಯುತ್ತಾನೆ. ಗೋಡೆಯ ಮೇಲೆ ಬಿಳಿಯ ಪುಡಿ ಕೂರುತ್ತದೆ. ನೆತ್ತರು ಹೀರಿ ಗೋಡೆಗೆ ಕೂತ ಸೊಳ್ಳೆ ಸಾಯುತ್ತದೆ. ಬಾಗಿಲ ಪಕ್ಕದಲ್ಲಿ ತಾರೀಖು ಬರೆದು ಹೋಗುತ್ತಾರೆ. ಹಬ್ಬ ಬಂತೆಂದು ಹೆಂಗಸರು ಕೆಮ್ಮಣ್ಣು ಸಗಣಿ ಸಾರಿಸಿದರೆ ಹೊಡೆದದ್ದೆಲ್ಲ ವ್ಯರ್ಥ. ಹಾಗೆ ಮಾಡಬೇಡಿರೆಂದು ಒಪ್ಪಿಸುವುದು ಔಷಧಿ ಹೊಡೆಯುವುದಕ್ಕಿಂತ ಕಷ್ಟದ ಕೆಲಸವಾಗಿತ್ತು. ಹದಿನೈದು ದಿನಕ್ಕೊಮ್ಮೆ ಮಲೇರಿಯಾದವರು ಮನೆಬಾಗಿಲಿಗೆ ಬರುತ್ತಿದ್ದರು.

"ಏನವ್ವಾ, ಮನೇಲಿ ಯಾರ್ಗಾದ್ರೂ ಚಳಿಜ್ವರ ಬಂದಿತ್ತಾ?"

"ನಮ್ ಹೈದಂಗೆ ಮೊನ್ನೆ ನಡುಕ ಬಂದಿತ್ತು ಕಣಪ್ಪ, ಈಗ ಸುಮಾರಾಗವ್ನೆ."

ಹುಡುಗನ ಬೆರಳಿಗೆ ಸೂಜಿ ಚುಚ್ಚಿ, ಗಾಜಿನ ಪಟ್ಟಿಯ ಮೇಲೆ ಒಂದು ತೊಟ್ಟು ನೆತ್ತರು ಸವರಿಕೊಂಡು, ವಯಸ್ಸಿಗೆ ತಕ್ಕಂತೆ ಕ್ಲೋರೋಕ್ವಿನ್ ಮಾತ್ರೆ ಕೊಟ್ಟು ಮುಂದಿನ ಮನೆಗೆ. ಬೆಟ್ಟ ಬಯಲೆನ್ನದೆ ಸೈಕಲ್ ತುಳಿದು, ಹೊಳೆ ದಾಟಿ, ಲಕ್ಷಾಂತರ ಬಾಗಿಲು ತಟ್ಟಿದ ಈ ನೌಕರರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಈ ಸೀಮೆಯ ನಿಜವಾದ ಗಡಿಕಾವಲಿನ ದಂಡು ಎಂದು ನಾನು ಅವರನ್ನೇ ಕರೆಯುತ್ತೇನೆ.

1965ರ ವೇಳೆಗೆ ಇಡೀ ದೇಶದಲ್ಲಿ ಮಲೇರಿಯಾ ರೋಗಿಗಳು ಸುಮಾರು ಒಂದು ಲಕ್ಷಕ್ಕೆ ಇಳಿದರು. ಜ್ವರ ಕಾಯುತ್ತಿದ್ದ ನೆಲ ತೆರವಾಯಿತು. ಕಾಡಂಚಿನ ಹೊಲಗಳಿಗೆ ಹೊಸ ಒಕ್ಕಲು ಬಂದಿತು, ಕೋಟೆಗೆ ವರ್ಗವಾದವರು ಹೆಂಡತಿ ಮಕ್ಕಳನ್ನೂ ಕರೆದೊಯ್ದರು. ಆದರೆ ಗೆಲುವು ಉಳಿಯಲಿಲ್ಲ. ಸೊಳ್ಳೆ ಡಿಡಿಟಿಗೆ ಒಗ್ಗಿತು, ಔಷಧಿ ಸಕಾಲಕ್ಕೆ ಬರಲಿಲ್ಲ, ಗೆದ್ದೆವೆಂಬ ಮೈಮರೆವು ಕಾವಲನ್ನು ಸಡಿಲಿಸಿತು. 1976ರಲ್ಲಿ ದೇಶದ ಲೆಕ್ಕ 64 ಲಕ್ಷ ದಾಟಿತು. ಮತ್ತೆ ಮೊದಲಿನಿಂದ ಹೋರಾಟ ಕಟ್ಟಬೇಕಾಯಿತು.

ಈಗ ಕಾಡಿನ ಜನರ ನೆತ್ತರಿನ ವಿಚಾರ. 1952ರಲ್ಲಿ ಲೇಮನ್ ಮತ್ತು ಕಟ್‌ಬುಶ್ ಎಂಬ ಇಬ್ಬರು ನೀಲಗಿರಿಯ ಬುಡಕಟ್ಟು ಜನರ ರಕ್ತ ಪರೀಕ್ಷಿಸಿದಾಗ, ಆಫ್ರಿಕದವರಲ್ಲಿ ಹೆಚ್ಚಾಗಿ ಕಾಣುವುದೆಂದು ತಿಳಿದಿದ್ದ ಕುಡುಗೋಲು ಆಕಾರದ ರಕ್ತಕಣಗಳು ಸಿಕ್ಕವು. ಎರಡು ವರ್ಷಗಳ ಬಳಿಕ, 1954ರಲ್ಲಿ, ಆ್ಯಂಟನಿ ಆಲಿಸನ್ ಅದರ ಗುಟ್ಟನ್ನು ಬಿಡಿಸಿದರು. ತಂದೆ ತಾಯಿಯರಲ್ಲಿ ಒಬ್ಬರಿಂದ ಮಾತ್ರ ಈ ಗುಣ ಬಂದ ಮಗುವನ್ನು ಫಾಲ್ಸಿಪಾರಮ್ ಸುಲಭಕ್ಕೆ ಕೊಲ್ಲಲಾರದು. ಸಾವಿರಾರು ವರ್ಷ ಜ್ವರದ ನಡುವೆ ಬಾಳಿದ ಜನರಲ್ಲಿ ಆ ಗುಣವುಳ್ಳ ಮಕ್ಕಳು ಹೆಚ್ಚಾಗಿ ಬದುಕಿ, ಅದನ್ನು ಮುಂದಿನವರಿಗೆ ದಾಟಿಸಿದರು. ಇಬ್ಬರಿಂದಲೂ ಬಂದ ಮಗುವಿಗೆ ಮಾತ್ರ ಅದೇ ರೋಗ: ಕಣಗಳು ಬಾಗಿ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ, ಮೂಳೆ ಮೂಳೆಯೂ ನೋಯುತ್ತದೆ, ನೆತ್ತರು ಬತ್ತುತ್ತದೆ. ಜೇನುಕುರುಬ, ಬೆಟ್ಟಕುರುಬ, ಯರವ, ಸೋಲಿಗ ಸಮುದಾಯಗಳಲ್ಲಿ ಈ ಗುಣ ಇಂದಿಗೂ ಇದೆ. ಹೊರಗಿನವರು ಆಡಿದ ಆ ಮಾತಿನಲ್ಲಿದ್ದ ಅರೆಸತ್ಯ ಇದೇ. ಕಾಡು ಅವರನ್ನು ಉಳಿಸಿತು, ಆದರೆ ಕೆಲವು ಮಕ್ಕಳನ್ನು ಬೆಲೆಯಾಗಿ ಕೇಳಿತು.

ಹೆಗ್ಗಡದೇವನಕೋಟೆ ಸೀಮೆಯಲ್ಲಿ 1980ರ ದಶಕದಿಂದ ಕೆಲಸ ಮಾಡುತ್ತ ಬಂದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸರಗೂರಿನ ತನ್ನ ಆಸ್ಪತ್ರೆಯಲ್ಲಿ ಇಂಥ ರೋಗಿಗಳನ್ನು ನೋಡಿಕೊಳ್ಳುತ್ತಿದೆ. 2023ರ ಜುಲೈ 1ರಂದು ಕೇಂದ್ರ ಸರ್ಕಾರ ಕುಡುಗೋಲು ಕಣದ ರಕ್ತಹೀನತೆಯ ನಿರ್ಮೂಲನಕ್ಕೆ ರಾಷ್ಟ್ರೀಯ ಅಭಿಯಾನ ಹೂಡಿತು. ಮಲೇರಿಯಾದವರು ನಡೆದ ದಾರಿಯಲ್ಲೇ ಈಗ ಇನ್ನೊಂದು ತಲೆಮಾರಿನ ಆರೋಗ್ಯ ಕಾರ್ಯಕರ್ತೆಯರು ಹಾಡಿಗಳಿಗೆ ಹೋಗುತ್ತಿದ್ದಾರೆ. ಬೆರಳಿನ ತೊಟ್ಟು ನೆತ್ತರನ್ನೇ ಕೇಳುತ್ತಾರೆ, ಫಲಿತಾಂಶದ ಕಾರ್ಡು ಕೊಡುತ್ತಾರೆ. ಮದುವೆಯ ಮಾತಿಗೆ ಮುಂಚೆ ಹುಡುಗ ಹುಡುಗಿಯ ಕಾರ್ಡುಗಳನ್ನು ಜೊತೆಗಿಟ್ಟು ನೋಡಿರೆಂದು ಹಿರಿಯರಿಗೆ ತಿಳಿಹೇಳುತ್ತಾರೆ. ಸೋದರ ಸಂಬಂಧದ ಮದುವೆ ರೂಢಿಯಿರುವ ಸಣ್ಣ ಹಾಡಿಯಲ್ಲಿ ಆ ಮಾತನ್ನು ಒಪ್ಪಿಸುವುದು ಸುಲಭವಲ್ಲ. ಒಂದೇ ಮನೆಗೆ ನಾಲ್ಕು ಸಲ, ಐದು ಸಲ ಹೋಗಬೇಕಾಗುತ್ತದೆ, ಅವರು ಹೋಗುತ್ತಿದ್ದಾರೆ.